ಗಾಜಿನ ತೊಟ್ಟಿಯ ಮತ್ಸ್ಯನ್ಯಾಯ

ಬಣ್ಣ ನೋಡಿ ಸೊಸೆಯನ್ನು ತರಬಾರದೆಂದು ಹೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಬಣ್ಣ ನೋಡಿ ಮೀನು ತರಬಾರದೆಂದು ಹೇಳುವವರು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಬೆಂಗಳೂರಿನ ಬಡಾವಣೆಗಳ ಮಾತು ಹಾಗಿರಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಸಾಸಲಿನಂಥ ಹೋಬಳಿ ಊರಿನಲ್ಲಿಯೂ ಈಗ ಹೊಸ ಮನೆಯ ಹಜಾರವೆಂದರೆ ಒಂದು ಟೀವಿ, ಅದರ ಮಗ್ಗುಲಿಗೆ ಒಂದು ಅಕ್ವೇರಿಯಂ. ಅದರೊಳಗೆ ಕಣ್ಣಿಗೆ ಹೊಡೆಯುವಂತೆ ಓಡಾಡುವ ಏಂಜಲ್, ಆಸ್ಕರ್, ಡಿಸ್ಕಸ್, ಫ್ಲವರ್‌ಹಾರ್ನ್, ಆಫ್ರಿಕದ ಹಳದಿ ನೀಲಿ ಮೀನುಗಳು, ಇವೆಲ್ಲವೂ ಸಿಕ್ಲಿಡ್ ಎಂಬ ಕುಲಕ್ಕೆ ಸೇರಿದವು. ಇವುಗಳನ್ನು ನಾವು ಆರಿಸುತ್ತಿರುವ ರೀತಿ ಅವಿವೇಕದ್ದು, ಕ್ರೂರವಾದದ್ದು, ಕೊನೆಗೆ ನಮ್ಮ ಕೆರೆಗಳಿಗೂ ಕೇಡು ತರುವಂಥದ್ದು ಎಂಬುದು ನನ್ನ ವಾದ. ಕನ್ನಡ ಮೇಷ್ಟರಿಗೆ ಮೀನಿನ ಉಸಾಬರಿ ಏಕೆ ಎಂದು ಕೆಲವರು ನಕ್ಕಾರು. ನಗಲಿ. ಮನೆಯಲ್ಲಿ ತೊಟ್ಟಿ ಇಟ್ಟುಕೊಂಡವನಿಗೆ ಈ ಮಾತನಾಡುವ ಹಕ್ಕಿದೆ.

ಅಂಗಡಿಯವರ ಮೊದಲನೆಯ ಮಂತ್ರವನ್ನೇ ನೋಡಿ. “ಎಲ್ಲಾ ಒಂದೇ ಫ್ಯಾಮಿಲಿ ಸಾರ್, ಹೊಂದ್ಕೊಂತಾವೆ ಬಿಡಿ” ಎಂದು ಅವರು ಐದು ಬಗೆಯ ಮೀನುಗಳನ್ನು ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೊಡುತ್ತಾರೆ. ಒಂದೇ ಕುಲವೆಂಬುದು ನಿಜ. ಆದರೆ ಆ ಕುಲದಲ್ಲಿ ವಿಜ್ಞಾನಿಗಳು ಹೆಸರಿಟ್ಟಿರುವ ಜಾತಿಗಳೇ ೧,೭೦೦ಕ್ಕೂ ಹೆಚ್ಚು. ಕನ್ನಡವೂ ಬಲೂಚಿಸ್ತಾನದ ಬ್ರಾಹುಯೀಯೂ ಒಂದೇ ದ್ರಾವಿಡ ಕುಲದ ಭಾಷೆಗಳು. ಹಾಗೆಂದು ಬ್ರಾಹುಯೀ ಆಡುವವನೊಬ್ಬನನ್ನು ತಂದು ನಮ್ಮೂರ ಅಂಗಡಿಬೀದಿಯಲ್ಲಿ ನಿಲ್ಲಿಸಿದರೆ ಅವನು ಅರ್ಧ ಸೇರು ಕಡಲೆಕಾಯಿಯನ್ನಾದರೂ ಕೊಂಡಾನೆ? ಕುಲ ಒಂದಾದ ಮಾತ್ರಕ್ಕೆ ಬಾಳು ಒಂದಾಗುವುದಿಲ್ಲ.

ಬಾಳು ಎಷ್ಟು ಬೇರೆಯೆಂದು ಕೇಳಿದರೆ, ನೀರಿನಿಂದಲೇ ಆರಂಭಿಸಬೇಕು. ಡಿಸ್ಕಸ್ ಅಮೆಜಾನ್ ನದೀಪ್ರದೇಶದ ಮೀನು. ಅದಕ್ಕೆ ಮೆದುವಾದ, ತುಸು ಆಮ್ಲೀಯವಾದ, ೨೮ ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬೆಚ್ಚನೆಯ ನೀರು ಬೇಕು. ಆಫ್ರಿಕದ ಮಲಾವಿ ಸರೋವರದ ಬಂಡೆಗಳ ಮೇಲೆ ಪಾಚಿ ಕೆರೆದು ತಿನ್ನುವ ಮೀನುಗಳಿಗೆ ಗಡಸಾದ ಕ್ಷಾರೀಯ ನೀರು ಬೇಕು. ಡಿಸ್ಕಸ್‌ಗೆ ಹಾಕುವ ಮಾಂಸದ ಆಹಾರವನ್ನು ಅವು ದಿನವೂ ತಿಂದರೆ ಹೊಟ್ಟೆಯುಬ್ಬರ ಬಂದು ಸಾಯುತ್ತವೆ. ಟ್ಯಾಂಗನಿಕ ಸರೋವರದ ಕೆಲವು ಪುಟ್ಟ ಸಿಕ್ಲಿಡ್‌ಗಳಿಗೆ ಮೊಟ್ಟೆಯಿಡಲು ಬಸವನಹುಳುವಿನ ಖಾಲಿ ಚಿಪ್ಪೇ ಮನೆ. ಆಸ್ಕರ್ ಅಂಗಡಿಯಲ್ಲಿ ಎರಡಂಗುಲವಿದ್ದದ್ದು ಮನೆಯಲ್ಲಿ ಒಂದಡಿಗೆ ಬೆಳೆಯುತ್ತದೆ. ಬೆಳೆದ ಮೇಲೆ ಬಾಯಿಗೆ ಹಿಡಿಯುವ ಮೀನೆಲ್ಲ ಅದಕ್ಕೆ ಊಟವೇ. ಫ್ಲವರ್‌ಹಾರ್ನ್ ಎಂಬುದಂತೂ ೧೯೯೦ರ ದಶಕದಲ್ಲಿ ಮಲೇಷ್ಯಾದಲ್ಲಿ ಮನುಷ್ಯನು ಬೆರಕೆ ಮಾಡಿ ಸೃಷ್ಟಿಸಿದ ಮೀನು. ಅದರ ಹಣೆಯ ಗುಬುಟು ಅದೃಷ್ಟ ತರುತ್ತದೆಂದು ನಂಬಿ ಹಣ ಸುರಿಯುವವರು ಅದನ್ನು ಒಂಟಿಯಾಗಿಯೇ ಸಾಕಬೇಕೆಂಬುದನ್ನು ಮಾತ್ರ ಮರೆಯುತ್ತಾರೆ. ಮನೆಯವರಿಗೆ ಅದೃಷ್ಟವೋ ಏನೋ, ಅದರ ಜೊತೆಗಿದ್ದ ಮೀನುಗಳಿಗೆ ಖಂಡಿತ ದುರದೃಷ್ಟ.

“ಚಿಕ್ಕಂದಿನಿಂದ ಒಟ್ಟಿಗೆ ಬೆಳೆದರೆ ಅಣ್ಣತಮ್ಮಂದಿರ ಹಾಗೆ ಇರುತ್ತವೆ” ಎಂಬುದು ಎರಡನೆಯ ಮಂತ್ರ. ಅಣ್ಣತಮ್ಮಂದಿರು ಹೇಗಿರುತ್ತಾರೆಂಬುದನ್ನು ಮಹಾಭಾರತ ಓದಿದ ನಾಡಿಗೆ ಯಾರೂ ಹೇಳಬೇಕಾಗಿಲ್ಲ. ಮರಿಗಳು ಜಗಳವಾಡದಿರುವುದು ಸ್ನೇಹದಿಂದಲ್ಲ, ಇನ್ನೂ ಪ್ರಾಯಕ್ಕೆ ಬಾರದಿರುವುದರಿಂದ. ಪ್ರಾಯ ಬಂದು ಜೋಡಿ ಕೂಡಿದ ದಿನ ಅದೇ ಸಾಧು ಏಂಜಲ್ ಕೂಡ ತೊಟ್ಟಿಯ ಅರ್ಧಭಾಗಕ್ಕೆ ಗಡಿ ಹಾಕಿ, ದಾಟಿದವರನ್ನು ಕುಟುಕುತ್ತದೆ. ತಪ್ಪು ಅದರದಲ್ಲ. ಸಿಕ್ಲಿಡ್‌ಗಳ ಹಿರಿಮೆಯೇ ತಾಯ್ತನ, ತಂದೆತನ. ಮೊಟ್ಟೆಗೆ ಕಾವಲು ನಿಲ್ಲುವುದು, ಮರಿಗಳನ್ನು ಬಾಯಲ್ಲಿ ಹೊತ್ತು ತಿರುಗುವುದು, ಮೈಯ ಲೋಳೆಯನ್ನೇ ಮರಿಗಳಿಗೆ ಉಣಿಸುವುದು, ಇವೆಲ್ಲ ಈ ಕುಲದಲ್ಲಿವೆ. ಮಕ್ಕಳಿರುವ ಮನೆಯ ಬಾಗಿಲನ್ನು ಯಾರು ತಾನೆ ಹಾಕಿಕೊಳ್ಳುವುದಿಲ್ಲ?

ಇಷ್ಟು ಹೇಳಿದಾಗ ವಿದ್ಯಾವಂತರಾದ ಮಿತ್ರರು ಮೂರನೆಯ ಮಂತ್ರವನ್ನು ತೆಗೆಯುತ್ತಾರೆ: “ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು ಪ್ರಕೃತಿಧರ್ಮವಲ್ಲವೆ? ಅದೇ ಅಲ್ಲವೆ ಮತ್ಸ್ಯನ್ಯಾಯ?” ಮಾತು ಚೆನ್ನಾಗಿದೆ, ಆದರೆ ಅರ್ಥ ತಲೆಕೆಳಗಾಗಿದೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಮತ್ಸ್ಯನ್ಯಾಯವನ್ನು ಹೇಳಿದ್ದು ಹೊಗಳುವುದಕ್ಕಲ್ಲ. ದಂಡವನ್ನು ಹಿಡಿಯಬೇಕಾದವನು ಹಿಡಿಯದೆ ಹೋದಾಗ ಆಗುವ ಅನಾಹುತಕ್ಕೆ ಅವನು ಕೊಟ್ಟ ಹೆಸರು ಅದು. ತೊಟ್ಟಿಯ ರಾಜರು ಯಾರು? ನೀವೇ. ಯಾರು ಒಳಗೆ ಬರಬೇಕು, ಎಷ್ಟು ಅನ್ನ, ಎಷ್ಟು ನೀರು, ಎಲ್ಲವನ್ನೂ ವಿಧಿಸಿದವರು ನೀವು. ಗೋಡೆಯನ್ನು ಕಟ್ಟಿ, ಪ್ರಜೆಗಳನ್ನು ಕೂಡಿಹಾಕಿ, ಆಮೇಲೆ ಪ್ರಕೃತಿಯ ಮೇಲೆ ಹೊಣೆ ಹೊರಿಸುವುದು ರಾಜನೀತಿಯೂ ಅಲ್ಲ, ಮರ್ಯಾದೆಯೂ ಅಲ್ಲ.

ಪ್ರಕೃತಿಯಲ್ಲಿ ಸೋತ ಮೀನಿಗೆ ಒಂದು ದಾರಿಯಿದೆ, ಓಡಿಹೋಗುವುದು. ಮಲಾವಿ ಸರೋವರದ ವಿಸ್ತಾರ ೨೯,೦೦೦ ಚದರ ಕಿಲೋಮೀಟರಿಗೂ ಮಿಕ್ಕದ್ದು. ನಮ್ಮ ಮನೆಗಳ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ೫೬ ಲೀಟರು, ಅಂದರೆ ನಾಲ್ಕು ಬಿಂದಿಗೆ ನೀರು. ಅಲ್ಲಿ ಓಡುವುದೆಲ್ಲಿಗೆ? ಸೋತದ್ದು ಮೂಲೆಯ ಪೈಪಿನ ಹಿಂದೆ ರೆಕ್ಕೆ ಮುದುಡಿಕೊಂಡು, ಅರೆಹೊಟ್ಟೆಯಲ್ಲಿ ವಾರಗಟ್ಟಲೆ ನಿಲ್ಲುತ್ತದೆ. “ನಮ್ಮ ತೊಟ್ಟಿಯಲ್ಲಿ ಎರಡು ವರ್ಷದಿಂದ ಎಲ್ಲಾ ಒಟ್ಟಿಗೇ ಇವೆ” ಎನ್ನುವವರು ದಯವಿಟ್ಟು ಆ ಮೂಲೆಯನ್ನೊಮ್ಮೆ ಇಣುಕಿ ನೋಡಬೇಕು. ಸಾಯದೆ ಇರುವುದು ಬೇರೆ, ಹೊಂದಿ ಬಾಳುವುದು ಬೇರೆ.

ಎದುರುವಾದಿಗಳಲ್ಲಿ ಒಂದು ನ್ಯಾಯವಾದ ಮಾತಿದೆ; ಅದನ್ನು ಮುಚ್ಚಿಡಬಾರದು. ಮಲಾವಿಯ ಬಂಡೆಮೀನುಗಳನ್ನು ತುಸು ಒತ್ತಾಗಿಯೇ ಇಟ್ಟರೆ ಬಲಿಷ್ಠನ ಕೋಪ ಒಬ್ಬನ ಮೇಲೆಯೇ ಬೀಳದೆ ಹತ್ತು ಜನರಿಗೆ ಹಂಚಿಹೋಗುತ್ತದೆ. ಇದು ಅನುಭವಿಗಳು ಕಂಡುಕೊಂಡ ಉಪಾಯ. ಆದರೆ ಅದಕ್ಕೆ ನಾಲ್ಕಡಿಗೆ ಕಡಿಮೆಯಿಲ್ಲದ ತೊಟ್ಟಿ, ಬಲವಾದ ಶೋಧಕ, ವಾರವಾರವೂ ನೀರಿನ ಬದಲಾವಣೆ, ನೋಟಕ್ಕೆ ಮರೆಯಾಗುವ ಕಲ್ಲುಪೊಟರೆಗಳು, ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು, ಇಷ್ಟೂ ಬೇಕು. ಈ ಐದನ್ನು ಬಿಟ್ಟು ಒತ್ತನ್ನು ಮಾತ್ರ ಹಿಡಿದುಕೊಂಡವರದು ಉಪಾಯವಲ್ಲ, ದೊಡ್ಡಿ.

ಇದೆಲ್ಲ ನಾಲ್ಕು ಗೋಡೆಯೊಳಗಿನ ಸಂಗತಿಯಾಗಿದ್ದರೆ ನಾನು ಇಷ್ಟು ಉದ್ದಕ್ಕೆ ಬರೆಯುತ್ತಿರಲಿಲ್ಲ. ಹೊಂದದ ಮೀನನ್ನು ಅಂಗಡಿಯವರು ಹಿಂದಕ್ಕೆ ಕೊಳ್ಳುವುದಿಲ್ಲ. ಕೊಲ್ಲಲು ಮನೆಯವರಿಗೆ ಮನಸ್ಸಿಲ್ಲ. ಆಗ ಹೊಳೆಯುವುದು ಕೆರೆ. “ಪಾಪ, ಬದುಕಿಕೊಳ್ಳಲಿ” ಎಂದು ಬಿಟ್ಟು, ಕೈಮುಗಿದು ಬರುವವರಿದ್ದಾರೆ. ಈ ದಯೆಯಷ್ಟು ಅಪಾಯಕಾರಿಯಾದದ್ದು ಬೇರೆ ಇಲ್ಲ. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ಜನ ಜಿಲೇಬಿ ಮೀನೆಂದು ಕರೆಯುವ ತಿಲಾಪಿಯಾವನ್ನು ವಾಚಕರು ಬಲ್ಲರು. ಅದೂ ಆಫ್ರಿಕದ ಒಂದು ಸಿಕ್ಲಿಡ್ಡೇ. ೧೯೫೨ರಲ್ಲಿ ಬಡವರಿಗೆ ಅಗ್ಗದ ಆಹಾರವಾಗಲೆಂಬ ಸದುದ್ದೇಶದಿಂದ ಅದನ್ನು ಭಾರತಕ್ಕೆ ತಂದರು. ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬಂದು, ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಆ ಮೀನು ಕೆರೆ ತುಂಬ ಹೆಚ್ಚಿ, ಅನ್ನ ಸಾಲದೆ ತಾನೂ ಗಿಡ್ಡಾಯಿತು, ಗೆಂಡೆ ಮೊದಲಾದ ನಾಡಮೀನುಗಳ ಪಾಲನ್ನೂ ತಿಂದಿತು. ಸದುದ್ದೇಶದ ಫಲವೇ ಹೀಗಾದರೆ, ಹೊಣೆ ಕಳೆದುಕೊಳ್ಳುವುದಕ್ಕಾಗಿ ಬಿಟ್ಟದ್ದರ ಫಲ ಹೇಗಿದ್ದೀತು? ನಮ್ಮ ಸಾಸಲಿನ ಕಡೆ ಬತ್ತದೆ ಹರಿಯುವ ಹೊಳೆಯಿಲ್ಲ. ಮಳೆ ತುಂಬಿಸಿದ ಕೆರೆಯೇ ಆಸ್ತಿ. ಒಂದು ಕೆರೆ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಇಳಿಯುತ್ತದೆ. ನೀರಿನ ಜೊತೆಗೆ ಮೀನೂ ಇಳಿಯುತ್ತದೆ.

ಹಾಗಾದರೆ ಮೀನು ಸಾಕಲೇಬಾರದೆ? ಸಾಕಬಹುದು, ಬುದ್ಧಿಯಿಟ್ಟು ಸಾಕಬಹುದು. ಮೊದಲು ನಿಮ್ಮ ನಲ್ಲಿಯ ನೀರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ. ನಮ್ಮ ಕಡೆಯ ಆಳದ ಕೊಳವೆಬಾವಿಯ ನೀರು ಪಾತ್ರೆಗೆ ಬಿಳಿಯ ಪೊರೆ ಕಟ್ಟುವಷ್ಟು ಗಡಸು. ಇದರಲ್ಲಿ ಡಿಸ್ಕಸ್ ಸಾಕಲು ಹೊರಡುವುದು ಮರಳುಗಾಡಿನಲ್ಲಿ ಅಡಿಕೆ ತೋಟ ಹಾಕಿದಂತೆ. ಈ ನೀರಿಗೆ ಒಗ್ಗುವ ಸಿಕ್ಲಿಡ್ ನಮ್ಮ ನಾಡಿನಲ್ಲೇ ಇದೆ. ಭಾರತಕ್ಕೆ ಸ್ವಂತವಾದ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳಲ್ಲಿ ಕಿತ್ತಳೆ ಕ್ರೋಮೈಡ್ ಬೆರಳುದ್ದದ ಹೊನ್ನಿನ ಬಣ್ಣದ ಮೀನು; ಮೂರಡಿಯ ತೊಟ್ಟಿಯಲ್ಲಿ ಆರರ ಗುಂಪು ಸೊಗಸಾಗಿ ಬಾಳುತ್ತದೆ. ಎರಡನೆಯದು ಕೇರಳದವರ ಕರಿಮೀನು. ಕಿತ್ತಳೆ ಕ್ರೋಮೈಡಿನ ಮರಿಗಳು ಕರಿಮೀನಿನ ಮೈಯನ್ನು ಹೆಕ್ಕಿ ಶುಚಿ ಮಾಡುವುದನ್ನು ವೈಮನ್ ಮತ್ತು ವಾರ್ಡ್ ಎಂಬ ವಿದ್ವಾಂಸರು ೧೯೭೨ರಲ್ಲಿ ವರದಿ ಮಾಡಿದ್ದಾರೆ. ಆದರೆ ಅದೇ ಕ್ರೋಮೈಡ್ ಸಮಯ ಸಿಕ್ಕಿದರೆ ಕರಿಮೀನಿನ ಮೊಟ್ಟೆಯನ್ನೂ ತಿನ್ನುತ್ತದೆ! ಇಂಥ ಆಪ್ತರಿಗೂ ಅಂತರ ಬೇಕೆಂದ ಮೇಲೆ, ಅಮೆಜಾನ್ ಮತ್ತು ಆಫ್ರಿಕಗಳನ್ನು ನಾಲ್ಕು ಬಿಂದಿಗೆ ನೀರಿನಲ್ಲಿ ಕೂಡಿಸಹೊರಟವರಿಗೆ ಏನೆನ್ನಬೇಕು? ಮೂರನೆಯದು ದಕ್ಷಿಣ ಕನ್ನಡದ ಹೊಳೆಗಳದು. ೧೮೭೭ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಕನ್ನಡ ಜಿಲ್ಲೆಯ ಹೆಸರನ್ನೇ ಇಟ್ಟು ಕೆನರೆನ್ಸಿಸ್ ಎಂದು ಕರೆದ. ಅದು ಈಗ ಅಳಿವಿನ ಭೀತಿಯಲ್ಲಿದೆ. ಹೊಳೆಯಿಂದ ಹಿಡಿದು ತಂದದ್ದನ್ನು ಯಾರಾದರೂ ಮಾರಿದರೆ ಕೊಳ್ಳದಿರುವುದೇ ಅಭಿಮಾನ.

ಮಾರುವವರಿಗೆ ನನ್ನದೊಂದು ಮಾತು: ಪ್ರತಿ ಮೀನಿನ ತೊಟ್ಟಿಯ ಮೇಲೆ ಬೆಲೆಯ ಜೊತೆಗೆ ಅದು ಬೆಳೆಯುವ ಉದ್ದ, ಬೇಡುವ ನೀರು, ಸಹಿಸುವ ಜೊತೆ, ಈ ಮೂರನ್ನು ಕನ್ನಡದಲ್ಲಿ ಬರೆದು ಅಂಟಿಸಿ. ಗಿರಾಕಿ ಕಡಿಮೆಯಾಗಲಾರರು, ಸತ್ತ ಮೀನಿನ ದೂರು ಕಡಿಮೆಯಾದೀತು. ಕೊಳ್ಳುವವರಿಗೂ ಒಂದು ಮಾತು: ಆ ಮೂರನ್ನು ಹೇಳಲಾರದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿ. ಖಾಲಿ ತೊಟ್ಟಿಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವೆಂಬುದನ್ನು ಬಲ್ಲ ಜನ ನಾವು. ಒಂದು ತೊಟ್ಟಿಯಲ್ಲಿ ಎರಡು ಸರೋವರಗಳಿರಲಾರವೆಂಬುದನ್ನು ಕಲಿಯುವುದೇನೂ ಕಷ್ಟವಲ್ಲ.