ಟೊಂಕ ಮುರಿಯೋ ಚೀಲ ನಮಗ, ಸಣ್ಣ ತೂತಿನ ಆಪರೇಷನ್ ಯಾರಿಗೆ?

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಫೋನ್ ತೆಗೆದರೆ ಸಾಕು, ಟೊಂಕ ನೋವಿನ ರೀಲ್ಸ್. "ದೊಡ್ಡ ಕೊಯ್ತ ಇಲ್ಲ, ಸಣ್ಣ ತೂತು ಮಾತ್ರ, ಇವತ್ತು ಅಡ್ಮಿಟ್ ನಾಳೆ ಮನೆಗೆ." ಆ ರೀಲ್ಸ್‌ನಲ್ಲಿ ಟೊಂಕ ಹಿಡಿದು ಕೂತವನು ಯಾವಾಗಲೂ ಲ್ಯಾಪ್‌ಟಾಪ್ ಮುಂದಿನ ಮನುಷ್ಯ. ಕುರ್ಚಿ ಬದಲಿಸಿ, ನೆಟ್ಟಗೆ ಕೂಡ್ರಿ ಅಂತ ಉಪದೇಶ. ಕುರ್ಚಿಯೇ ಕಾಣದ ಟೊಂಕಗಳ ಬಗ್ಗೆ ಒಂದು ಮಾತೂ ಇಲ್ಲ.

ನಮ್ಮ ಹುಲಿಗಿಯ ಪಕ್ಕದಲ್ಲೇ ತುಂಗಭದ್ರಾ ಅಣೆಕಟ್ಟು. ಅದರ ಎಡದಂಡೆ ಕಾಲುವೆಯ ನೀರೇ ಗಂಗಾವತಿಯನ್ನು ಭತ್ತದ ಕಣಜ ಮಾಡಿದ್ದು. ಆ ಕಣಜ ನಿಂತಿರುವುದು ಯಾರ ಟೊಂಕದ ಮೇಲೆ? ಕೆಸರಿನಲ್ಲಿ ಬೆಳಗಿಂದ ಸಂಜೆತನಕ ಬಗ್ಗಿ ನಾಟಿ ಹಚ್ಚುವ ಹೆಣ್ಣಾಳುಗಳ ಟೊಂಕದ ಮೇಲೆ. ಲಾರಿಗೆ ಚೀಲ ಏರಿಸುವ ಹಮಾಲರ ಟೊಂಕದ ಮೇಲೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗುಳೆ ಹೋಗಿ ಬೆಂಗಳೂರಲ್ಲಿ ಸಿಮೆಂಟ್ ಹೊರುವವರನ್ನೂ ಸೇರಿಸಿಕೊಳ್ಳಿ. ಇವರೆಲ್ಲ ಯಾವ ಕೇರಿಯವರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಲೆಕ್ಕ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ: ಒಬ್ಬ ಗಂಡಾಳು ಹೊರುವ ಭಾರ 55 ಕೆ.ಜಿ. ದಾಟಿದ್ದರೆ ಅದನ್ನು ಅಷ್ಟಕ್ಕೆ ಇಳಿಸಬೇಕು, ಹೆಣ್ಣಾಳಿಗೆ ಇನ್ನೂ ಬಹಳ ಕಡಿಮೆ ಇರಬೇಕು. ನಮ್ಮ ಗಂಗಾವತಿ, ಕಾರಟಗಿ ಮಾರುಕಟ್ಟೆಯಲ್ಲಿ ಭತ್ತದ ರೇಟು ಹೇಳುವುದೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಮೇಲಿನ ಆ 20 ಕೆ.ಜಿ. ಯಾರ ಹೆಸರಿಗೆ ಬರೆದದ್ದು ಸ್ವಾಮಿ?

ಡಿಸ್ಕ್ ಜಾರುವುದು ಅಂದರೆ ಏನು ಅಂತ ನಮ್ಮ ಜನಕ್ಕೆ ಯಾರೂ ಕೂಡ್ರಿಸಿ ಹೇಳುವುದಿಲ್ಲ. "ಗ್ಯಾಪ್ ಬಂದೈತಿ" ಅಂತ ಕಳಿಸಿಬಿಡುತ್ತಾರೆ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಲೋಳೆಯಂಥ ತಿರುಳು. ಸಿಪ್ಪೆ ಹರಿದು ತಿರುಳು ಹೊರಗೆ ಬಂದು ನರಕ್ಕೆ ಒತ್ತಿದರೆ ಟೊಂಕದಿಂದ ಪಾದದವರೆಗೂ ಚಳಕು. ವಯಸ್ಸು, ವಂಶ, ಬೀಡಿ-ಸಿಗರೇಟು, ಇವೂ ಬಿಲ್ಲೆಯನ್ನು ಸವೆಸುತ್ತವೆ, ಸುಳ್ಳಲ್ಲ. ಆದರೆ ವರ್ಷಗಟ್ಟಲೆ ಭಾರ ಎತ್ತುವುದೂ ಆ ಪಟ್ಟಿಯಲ್ಲಿದೆ. ಜರ್ಮನಿಯಲ್ಲಿ 1993ರಿಂದ ಭಾರ ಹೊರುವವರ ಸೊಂಟದ ಡಿಸ್ಕ್ ಕಾಯಿಲೆ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ನಮ್ಮ ದೇಶದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೀಸ ಇದೆ, ಪಾದರಸ ಇದೆ, ಹಮಾಲನ ಡಿಸ್ಕ್ ಇಲ್ಲ.

ಇನ್ನು ಚಿಕಿತ್ಸೆ. ಇದನ್ನು ಎಲ್ಲರೂ ತಿಳಿದಿಟ್ಟುಕೊಳ್ಳಬೇಕು. ಡಿಸ್ಕ್ ಜಾರಿದವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಆರರಿಂದ ಹನ್ನೆರಡು ವಾರದಲ್ಲಿ ನೋವು ತಾನಾಗಿ ಇಳಿಯುತ್ತದೆ, ಹೊರಬಂದ ತಿರುಳನ್ನು ದೇಹವೇ ಕರಗಿಸಿಕೊಳ್ಳುವುದೂ ಉಂಟು. ಹಾಸಿಗೆ ಹಿಡಿಯಬಾರದು, ನಡೆದಾಡಬೇಕು, ವ್ಯಾಯಾಮ ಮಾಡಬೇಕು. ಭಾರ ಮಾತ್ರ ಎತ್ತಬಾರದು. ಎಂಆರ್‌ಐ ನೋಡಿ ಹೆದರಲೂಬಾರದು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಸ್ಕ್ಯಾನ್ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜನರ ಡಿಸ್ಕ್ ಉಬ್ಬಿತ್ತು.

ಎಲ್ಲಕ್ಕಿಂತ ಕಡಿಮೆ ಕೊಯ್ಯುವ ಚಿಕಿತ್ಸೆ ಇದೇ: ಭಾರ ಹೊರದ ಹನ್ನೆರಡು ವಾರ. ಔಷಧಿ ಅಂಗಡಿಯಲ್ಲಿ ಇದು ಸಿಗುವುದಿಲ್ಲ. ನಮ್ಮ ಜನಕ್ಕೆ ಎಲ್ಲಕ್ಕಿಂತ ತುಟ್ಟಿ ಬೀಳುವುದೂ ಇದೇ.

ನಮ್ಮ ದೊಡ್ಡಪ್ಪನ ಮಗ ಹದಿನೆಂಟು ವರ್ಷ ಚೀಲ ಹೊತ್ತವನು. ಡಾಕ್ಟರು ಆರು ವಾರ ಚೀಲ ಮುಟ್ಟಬೇಡ ಅಂದಾಗ ನನಗೆ ಹೇಳಿದ: "ತಮ್ಮಾ, ನನಗೇನೋ ರಜಾ ಬರದು ಕೊಟ್ರು. ಸಂಘದ ಸಾಲದ ವಾರದ ಕಂತಿಗೂ ಆರು ವಾರ ರಜಾ ಬರದು ಕೊಡ್ತಾರೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನೋವಿನ ಗುಳಿಗೆ ನುಂಗಿ, ಓಣಿಯಲ್ಲಿ ಇಂಜೆಕ್ಷನ್ ಮಾಡಿಸಿಕೊಂಡು ಮತ್ತೆ ಚೀಲಕ್ಕೆ ಹೆಗಲು ಕೊಟ್ಟ. ನಾಲ್ಕು ತಿಂಗಳಿಗೆ ಬಲಗಾಲು ಎಳೆಯತೊಡಗಿತು. ಆಮೇಲೆ ದೂರದ ಊರಿನ ಖಾಸಗಿ ಆಸ್ಪತ್ರೆ, ಬಡ್ಡಿ ಸಾಲ, ಸಣ್ಣ ತೂತಿನ ಆಪರೇಷನ್. ಮರುದಿನ ಎದ್ದು ನಡೆದ, ಆ ಜಾಹೀರಾತು ಅಷ್ಟರಮಟ್ಟಿಗೆ ಖರೆ. ಇಪ್ಪತ್ತೊಂದನೇ ದಿನ ಸಾಲ ತೀರಿಸಲು ಮತ್ತೆ ಅದೇ 75 ಕೆ.ಜಿ. ಚೀಲದ ಕೆಳಗೆ ನಿಂತ. ವರ್ಷ ತುಂಬುವುದರೊಳಗೆ ನೋವು ವಾಪಸ್ ಬಂತು. ತೂತು ಸಣ್ಣದಾಯಿತು, ಚೀಲ ಸಣ್ಣದಾಗಲಿಲ್ಲ.

ಹಾಗಾದರೆ ಆಪರೇಷನ್ ಬೇಡವೇ? ಬೇಕು. ಅದನ್ನೂ ನಾವು ಹಕ್ಕಿನಿಂದಲೇ ಕೇಳಬೇಕು. 2007ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕಾಲಿನ ನರದ ನೋವಿದ್ದ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಬೇಗ ಆಪರೇಷನ್ ಆದವರು ಸುಮಾರು 4 ವಾರದಲ್ಲಿ ಚೇತರಿಸಿಕೊಂಡರು, ಕಾದು ನೋಡಿದವರು ಸುಮಾರು 12 ವಾರದಲ್ಲಿ. ಕಾದವರಲ್ಲೂ ನೂರಕ್ಕೆ 39 ಜನರಿಗೆ ಕೊನೆಗೆ ಆಪರೇಷನ್ ಬೇಕಾಯಿತು. ವರ್ಷದ ಕೊನೆಗೆ ಎರಡೂ ಗುಂಪು ಒಂದೇ ಮಟ್ಟಕ್ಕೆ ಬಂದಿದ್ದವು. ತಿಂಗಳ ಪಗಾರದವನಿಗೆ ನಡುವಿನ ಆ ಎಂಟು ವಾರ ಬರೀ ತ್ರಾಸು. ದಿನಗೂಲಿಯವನಿಗೆ ಅದು ಮನೆಯ ಒಲೆ. ಬೇಗ ಗುಣವಾಗುವ ತುರ್ತು ಯಾರಿಗೆ ಹೆಚ್ಚೋ ಅವರಿಗೇ ಈ ಚಿಕಿತ್ಸೆ ದೂರ.

ತೂತಿನ ಹೆಸರಲ್ಲಿ ಮೋಸವೂ ಹೋಗಬೇಡಿ. ಎಂಡೋಸ್ಕೋಪ್ ಆಪರೇಷನ್ ಕಾಲಿನ ನರದ ನೋವಿಗೆ, ಸೂಕ್ಷ್ಮದರ್ಶಕ ಇಟ್ಟು ಮಾಡುವ ಹಳೆಯ ಆಪರೇಷನ್‌ನಷ್ಟೇ ಒಳ್ಳೆಯದು ಅಂತ 2022ರಲ್ಲಿ ಬಂದ ಇನ್ನೊಂದು ಡಚ್ ಅಧ್ಯಯನ ಹೇಳಿದೆ. ಅಂದರೆ ಆ ಹಳೆಯದನ್ನೇ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿದರೂ ಆದೀತು. ಬರೀ ಟೊಂಕ ನೋವಿಗೆ ಇದು ಮಂತ್ರದಂಡ ಅಲ್ಲ. ಬೆನ್ನಿಗೆ ಹಾಕುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸಬಹುದು, ಹರಿದ ಬಿಲ್ಲೆಯನ್ನು ಹೊಲಿಯುವುದಿಲ್ಲ. ಲೇಸರ್, ಓಝೋನ್ ಅಂತ ಹೇಳುವುದಕ್ಕೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಆದರೆ ಉಚ್ಚೆ ಕಟ್ಟಿದರೆ ಅಥವಾ ತಡೆಯದಂತಾದರೆ, ಕೂಡ್ರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲು ಬಾರದಂತಾದರೆ ಒಂದು ದಿನವೂ ಕಾಯಬೇಡಿ. ಅದು ತುರ್ತು, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ.

"ಆಯುಷ್ಮಾನ್ ಕಾರ್ಡ್ ಐತಲ್ಲ" ಅನ್ನುವವರಿಗೆ ಒಂದು ಮಾತು. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಬಿಟ್ಟರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಕಾರ್ಡ್ ಬೇಕು, ನಾನು ಬೇಡ ಅನ್ನುತ್ತಿಲ್ಲ. ಆದರೆ ಅದು ಮಲಗಿದವನ ಆಸ್ಪತ್ರೆ ಬಿಲ್ ಕಟ್ಟುತ್ತದೆ, ಅವನ ಮನೆಯ ಅಕ್ಕಿ ತರುವುದಿಲ್ಲ.

ಅಕ್ಕಿ ತರುವ ಕಾನೂನು ಈ ದೇಶದಲ್ಲಿ ಇಲ್ಲವೇ? ಇದೆ! 1942ರಿಂದ 1946ರವರೆಗೆ ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲ್‌ನ ಕಾರ್ಮಿಕ ಸದಸ್ಯರಾಗಿದ್ದರು. ಅದೇ ಕಾಲದಲ್ಲಿ, 1944ರಲ್ಲಿ, ಅದಾರ್ಕರ್ ವರದಿ ಬಂತು. ಅದರಿಂದ 1948ರ ಇಎಸ್‌ಐ ಕಾಯ್ದೆ ಹುಟ್ಟಿತು. ಇಎಸ್‌ಐ ಇದ್ದ ಕಾರ್ಮಿಕ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನ, ಕೂಲಿಯ ನೂರಕ್ಕೆ 70ರಷ್ಟು ಹಣ. ಡಿಸ್ಕ್ ಇಳಿಯಲು ಬೇಕಾದ ಹನ್ನೆರಡು ವಾರ ಅಂದರೆ 84 ದಿನ. ಎಣಿಸಿ ನೋಡಿ, ಸರಿಹೊಂದುತ್ತದೆ. ಹೊಲದ ಆಳಿಗೆ ಅದು ಇಲ್ಲ. ಚೀಲದ ಲೆಕ್ಕದಲ್ಲಿ ಕೂಲಿ ತೆಗೆದುಕೊಳ್ಳುವ, ಯಾವ ಮಾಲೀಕನ ಪುಸ್ತಕದಲ್ಲೂ ಹೆಸರಿಲ್ಲದ ಹಮಾಲನಿಗೂ ಇಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ ಹಮಾಲರಿಗೆ ಅಂತಲೇ ಪ್ರತ್ಯೇಕ ಕಾಯ್ದೆ ಬಂತು, ಮಂಡಳಿಗಳಾದವು. ನಮ್ಮಲ್ಲಿ ಅಂಬೇಡ್ಕರ್ ಸಹಾಯ ಹಸ್ತ ಅಂತ ಹೆಸರಿಟ್ಟು ಸ್ಮಾರ್ಟ್ ಕಾರ್ಡ್ ಕೊಟ್ಟರು. ಬಾಬಾಸಾಹೇಬರ ಹೆಸರಿಗೆ ಕಾರ್ಡ್ ಸಾಲದು, ಕಾಯ್ದೆ ಬೇಕು.

ನಮ್ಮ ಹಕ್ಕೊತ್ತಾಯ ಇಷ್ಟು:

ಚೀಲ 50 ಕೆ.ಜಿ. ದಾಟಬಾರದು. ಮಿಲ್ಲು, ಎಪಿಎಂಸಿ, ಗೋದಾಮು, ಎಲ್ಲ ಕಡೆ.

ಹಮಾಲರಿಗೆ, ಕೃಷಿ ಕೂಲಿಗಳಿಗೆ ಇಎಸ್‌ಐ ಮಾದರಿಯ ಕಾಯಿಲೆ ಕೂಲಿ. ಅದರ ಹಣ ಪ್ರತಿ ಚೀಲದ ಮೇಲೆ ಸೆಸ್ ಹಾಕಿ ವ್ಯಾಪಾರಸ್ಥರಿಂದ ಬರಲಿ.

ಡಿಸ್ಕ್ ಕಾಯಿಲೆಯನ್ನು ಔದ್ಯೋಗಿಕ ರೋಗದ ಪಟ್ಟಿಗೆ ಸೇರಿಸಬೇಕು.

ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಈ ಭಾಗಕ್ಕೆ 371ಜೆ ಇದೆ. ಬೆನ್ನಿನ ಆಪರೇಷನ್, ಎಂಆರ್‌ಐ, ಫಿಸಿಯೋಥೆರಪಿ ಬಡವರಿಗೆ ಇದೇ ಜಿಲ್ಲೆಯಲ್ಲಿ ಪುಕ್ಕಟೆ ಸಿಗಬೇಕು. ತಾಲೂಕು ಆಸ್ಪತ್ರೆಗಳಲ್ಲಿ ವ್ಯಾಯಾಮ ಹೇಳಿಕೊಡುವವರು ಇರಬೇಕು.

ನಿಮ್ಮ ಓಣಿಯಲ್ಲಿ ಟೊಂಕ ಹಿಡಿದು ಕೂತವರ ಹೆಸರು, ಎಷ್ಟು ವರ್ಷ ಏನು ಹೊತ್ತರು, ಎಷ್ಟು ಸಾಲ ಆಯಿತು, ಬರೆದಿಟ್ಟುಕೊಳ್ಳಿ. ಫೇಸ್‌ಬುಕ್ಕಿಗೆ ಹಾಕಬೇಡಿ, ಕಾಗದದ ಮೇಲೆ ಬರೆದು ತನ್ನಿ. ಆ ಪಟ್ಟಿ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ. ಟೊಂಕ ಗಟ್ಟಿ ಇದ್ದವರು ಟೊಂಕ ಕಟ್ಟಿ ನಿಲ್ಲಿ. ಇಲ್ಲದವರನ್ನು ಟಂಟಂನಲ್ಲಿ ಕೂಡ್ರಿಸಿಕೊಂಡು ಕರೆದುಕೊಂಡು ಬನ್ನಿ.

ಜೈ ಭೀಮ್.