ಮೌನವು ದಾನವಾಗಬಲ್ಲುದೇ?

'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮದುವೆಯ ಮಾತುಕತೆಯಿಂದ ಹಿಡಿದು ಊರ ಸಭೆಯವರೆಗೆ ಎಷ್ಟೋ ತೀರ್ಮಾನಗಳು ಈ ಮಾತಿನ ಬಲದಿಂದಲೇ ಆಗಿಹೋಗಿವೆ. ಅದೇ ಸೂತ್ರವನ್ನು ಮನುಷ್ಯನ ಮೃತದೇಹಕ್ಕೂ ಅನ್ವಯಿಸುವ ಕಾನೂನುಗಳು ಈಗ ಹಲವು ದೇಶಗಳಲ್ಲಿವೆ. 'ನನ್ನ ಅಂಗಗಳನ್ನು ತೆಗೆಯಕೂಡದು' ಎಂದು ಬದುಕಿರುವಾಗ ತಿಳಿಸದವರೆಲ್ಲರೂ ಅಂಗದಾನಕ್ಕೆ ಒಪ್ಪಿದ್ದಾರೆಂದೇ ಆ ಕಾನೂನುಗಳು ಭಾವಿಸುತ್ತವೆ. ವೇಲ್ಸ್‌ನಲ್ಲಿ 2015ರ ಡಿಸೆಂಬರ್ 1ರಿಂದ, ಇಂಗ್ಲೆಂಡಿನಲ್ಲಿ 2020ರ ಮೇ 20ರಿಂದ ಈ ಪದ್ಧತಿ ಜಾರಿಯಲ್ಲಿದೆ.

ನಮ್ಮ ಧರ್ಮಕೇಂದ್ರದ ಕುಟುಂಬವೊಂದರ ಮಗಳು ಇಂಗ್ಲೆಂಡಿನಲ್ಲಿ ದಾದಿಯಾಗಿದ್ದಾಳೆ. ರಜೆಗೆ ಬಂದವಳು ಭಾನುವಾರದ ಬಲಿಪೂಜೆಯ ನಂತರ ತಾಯಿಯೊಡನೆ ನನ್ನನ್ನು ಕಂಡು, "ಫಾದರ್, ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಆದರೂ ಅಲ್ಲಿನ ಕಾನೂನಿನ ಪ್ರಕಾರ ನಾನು ದಾನಿಯಂತೆ. ಇದು ಸರಿಯೇ?" ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ತಾಯಿ, "ಬಿಡ್ತು ಅನ್ನು, ಅಂಥ ಅಪಶಕುನದ ಮಾತು ಈಗೇಕೆ?" ಎಂದು ಅವಳ ಬಾಯಿ ಮುಚ್ಚಿಸಿದರು. ಮಗಳ ಪ್ರಶ್ನೆಯೂ ತಾಯಿಯ ಗದರಿಕೆಯೂ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಕಾನೂನನ್ನು ಮಾಡಿದವರು ಹೃದಯಹೀನರೆಂದು ತಿಳಿಯಬಾರದು. ಅಂಗದಾನ ಒಳ್ಳೆಯದೆಂದು ಹೇಳುವವರು ಬಹಳ. ಹೆಸರು ಬರೆಸುವವರು ವಿರಳ. ಆ ಅಂತರದಲ್ಲಿ ಮೂತ್ರಪಿಂಡಕ್ಕಾಗಿ, ಯಕೃತ್ತಿಗಾಗಿ ಕಾಯುತ್ತಿರುವವರು ಪ್ರಾಣ ಬಿಡುತ್ತಾರೆ. ಇಂಗ್ಲೆಂಡಿನ ಕಾನೂನು ಹದಿನೆಂಟು ವರ್ಷ ತುಂಬದವರನ್ನೂ, ವಿಷಯವನ್ನು ಗ್ರಹಿಸಿ ನಿರ್ಧರಿಸುವ ಶಕ್ತಿಯಿಲ್ಲದವರನ್ನೂ, ಅಲ್ಲಿ ನೆಲಸಿ ಒಂದು ವರ್ಷವಾಗದವರನ್ನೂ ಹೊರಗಿಟ್ಟಿದೆ. ಬೇಡವೆನ್ನುವ ಹಕ್ಕು ಎಲ್ಲರಿಗೂ ಇದೆ. ವೈದ್ಯರು ಮನೆಯವರೊಡನೆ ಮಾತನಾಡದೆ ಮುಂದುವರಿಯುವುದಿಲ್ಲ. ಇದನ್ನು ಲೂಟಿ ಎಂದು ಕರೆಯುವುದು ಅನ್ಯಾಯ.

ಆದರೂ ಮೌನಕ್ಕೆ ಅಷ್ಟು ದೊಡ್ಡ ಅರ್ಥವನ್ನು ಹೊರಿಸಬಹುದೇ? ಜಗದ್ಗುರು ಎಂಟನೇ ಬೋನಿಫಾಸರು 1298ರಲ್ಲಿ ಪ್ರಕಟಿಸಿದ ಧರ್ಮಸಭೆಯ ಶಾಸನ ಸಂಗ್ರಹದಲ್ಲಿ ಎರಡು ಸೂತ್ರಗಳು ಒಂದರ ಬೆನ್ನಿಗೊಂದು ಬರುತ್ತವೆ. ಸುಮ್ಮನಿದ್ದವನು ಒಪ್ಪಿದಂತೆ ಎಂಬುದು ನಲವತ್ತಮೂರನೆಯದು. ಸುಮ್ಮನಿದ್ದವನು ಒಪ್ಪಿಕೊಂಡೂ ಇಲ್ಲ, ಅಲ್ಲಗಳೆದೂ ಇಲ್ಲ ಎಂಬುದು ನಲವತ್ತನಾಲ್ಕನೆಯದು. ನ್ಯಾಯಶಾಸ್ತ್ರಜ್ಞರು ಮೊದಲನೆಯದಕ್ಕೆ ಒಂದು ಕಟ್ಟುಪಾಡನ್ನೂ ಸೇರಿಸಿದರು: ಮಾತನಾಡಬೇಕಾದ ಕರ್ತವ್ಯವೂ ಮಾತನಾಡುವ ಅವಕಾಶವೂ ಇದ್ದವನ ಮೌನವನ್ನು ಮಾತ್ರ ಸಮ್ಮತಿ ಎನ್ನಬಹುದು. ಕಾನೂನಿನ ಸುದ್ದಿಯೇ ತಲುಪದವನ, ಓದುಬರಹ ಬಾರದವನ, ಸಾವಿನ ಯೋಚನೆಗೇ ಅಂಜುವವನ ಮೌನವು ಬರೀ ಮೌನ. ಅದರಿಂದ ಪಡೆದ ಅಂಗವು ಒಂದು ಜೀವವನ್ನು ಉಳಿಸಬಹುದು. ಆದರೆ ಕೊಟ್ಟವನಿಲ್ಲದ ಮೇಲೆ ಅದನ್ನು ದಾನವೆನ್ನುವುದು ಹೇಗೆ?

ಧರ್ಮಸಭೆಯ ಬೋಧನೆಯೂ ಇಲ್ಲಿ ಸ್ಪಷ್ಟವಾಗಿದೆ. ಸಂತ ಎರಡನೇ ಜಾನ್ ಪಾಲರು 1995ರ ತಮ್ಮ ವಿಶ್ವಪತ್ರದಲ್ಲಿ ಅಂಗದಾನವನ್ನು ದಿನನಿತ್ಯದ ಬದುಕಿನ ವೀರಕಾರ್ಯಗಳ ಸಾಲಿನಲ್ಲಿಟ್ಟು ಕೊಂಡಾಡಿದರು. 2000ದ ಆಗಸ್ಟ್ 29ರಂದು ರೋಮಿನಲ್ಲಿ ಅಂಗಾಂಗ ಕಸಿ ತಜ್ಞರಿಗೆ ನೀಡಿದ ಉಪನ್ಯಾಸದಲ್ಲಿ, ಇದು ಪ್ರೀತಿಯ ಕಾರ್ಯವಾದ್ದರಿಂದಲೇ ತಿಳಿದು ನೀಡಿದ ಸಮ್ಮತಿ ಬೇಕೆಂದರು. 1997ರಲ್ಲಿ ಪರಿಷ್ಕೃತವಾದ ಧರ್ಮೋಪದೇಶ ಗ್ರಂಥವು ಮರಣಾನಂತರದ ಅಂಗದಾನವನ್ನು ಪುಣ್ಯಕಾರ್ಯವೆಂದು ಪ್ರೋತ್ಸಾಹಿಸುತ್ತದೆ. ಆದರೆ ದಾನಿಯಾಗಲಿ ಅವನ ಪರವಾಗಿ ನಿಲ್ಲುವವರಾಗಲಿ ಸ್ಪಷ್ಟವಾಗಿ ಒಪ್ಪದಿದ್ದರೆ ಅದು ಸಲ್ಲದೆನ್ನುತ್ತದೆ. ನಮ್ಮ ಪ್ರಭುವೂ ತಮ್ಮ ಪ್ರಾಣವನ್ನು ಸ್ವಇಚ್ಛೆಯಿಂದ ಅರ್ಪಿಸಿದರೇ ವಿನಾ ಯಾರೂ ಅದನ್ನು ಅವರಿಂದ ಕಸಿದುಕೊಳ್ಳಲಿಲ್ಲ.

ಅನುಭವವೂ ಇದನ್ನೇ ಹೇಳುತ್ತದೆ. ಬ್ರೆಜಿಲ್ ದೇಶವು 1997ರಲ್ಲಿ ಇಂಥ ಕಾನೂನನ್ನು ತಂದಿತು. ಹೆದರಿದ ಜನರು ತಮ್ಮ ಗುರುತುಚೀಟಿಯಲ್ಲಿ 'ದಾನಿಯಲ್ಲ' ಎಂದು ಬರೆಸಿಕೊಳ್ಳಲು ಮುಗಿಬಿದ್ದರು. ಮರುವರ್ಷವೇ ಅದನ್ನು ಹಿಂತೆಗೆಯಬೇಕಾಯಿತು. ಅಂಗದಾನದಲ್ಲಿ ಜಗತ್ತಿಗೇ ಮುಂದಿರುವ ಸ್ಪೇನಿನಲ್ಲಿ 1979ರಿಂದಲೂ ಈ ಕಾನೂನಿದೆ. ಆದರೆ ಅಲ್ಲಿಯೂ ಕುಟುಂಬದವರನ್ನು ಕೇಳಿಯೇ ಮುಂದುವರಿಯುತ್ತಾರೆ. 1989ರಲ್ಲಿ ರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿ, ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕರನ್ನು ನೇಮಿಸಿದ ಮೇಲೆಯೇ ದಾನಿಗಳ ಸಂಖ್ಯೆ ಏರಿತು. ಜನರ ವಿಶ್ವಾಸವನ್ನು ಕಾನೂನಿನಿಂದ ಊಹಿಸಿಕೊಳ್ಳಲಾಗದು, ಗಳಿಸಬೇಕು.

ನಮ್ಮ ದೇಶದ 1994ರ ಕಾನೂನು ಅಂಗಗಳ ವ್ಯಾಪಾರವನ್ನು ಅಪರಾಧವೆಂದು ಸಾರಿತು. ಸ್ಪಷ್ಟ ಸಮ್ಮತಿಯನ್ನು ಕಡ್ಡಾಯಗೊಳಿಸಿತು. ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವ ಬಡವರಿರುವ ನಾಡಿನಲ್ಲಿ ಮೌನವನ್ನು ಸಮ್ಮತಿಯಾಗಿ ಎಣಿಸದಿರುವುದೇ ಸರಿ. ಆದರೆ, ಪ್ರಿಯ ಓದುಗರೇ, ಇಷ್ಟು ಹೇಳಿ ಕೈತೊಳೆದುಕೊಂಡರೆ ನಾವು ಪಿಲಾತನ ಬಳಗಕ್ಕೆ ಸೇರಿದಂತೆ. ಮರಣಾನಂತರ ಅಂಗದಾನ ಮಾಡುವವರ ಸಂಖ್ಯೆ ಭಾರತದಲ್ಲಿ ಹತ್ತು ಲಕ್ಷ ಜನರಿಗೆ ಒಬ್ಬರಷ್ಟೂ ಇಲ್ಲ. ಮೆದುಳು ಸಂಪೂರ್ಣ ನಿಷ್ಕ್ರಿಯವಾಗಿದೆಯೆಂದು ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸುತ್ತಾರೆ. ಆಗ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ಹೆಂಡತಿಯನ್ನೋ ಮಗನನ್ನೋ ಕೇಳಲಾಗುತ್ತದೆ. ಸತ್ತವರ ಮನಸ್ಸಿನಲ್ಲಿ ಏನಿತ್ತೆಂದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರು ಬೇಡವೆನ್ನುತ್ತಾರೆ. ಅಂದರೆ ಇಂಗ್ಲೆಂಡಿನಲ್ಲಿ 'ಹೌದು' ಎನಿಸುವ ಮೌನ ನಮ್ಮಲ್ಲಿ 'ಇಲ್ಲ' ಎನಿಸುತ್ತದೆ. ಎರಡೂ ಊಹೆಗಳೇ. ನಮ್ಮ ಊಹೆಗಾಗಿ ಬೆಲೆ ತೆರುವವನು ಕಾಯುತ್ತಿರುವ ರೋಗಿ.

ಡಾ. ರಾಜ್‌ಕುಮಾರ್ ಅವರು ಬದುಕಿರುವಾಗಲೇ ನೇತ್ರದಾನದ ಮಾತು ಕೊಟ್ಟಿದ್ದರು. 2006ರಲ್ಲಿ ಕುಟುಂಬದವರು ಆ ಮಾತನ್ನು ನಡೆಸಿದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ಅಗಲಿದಾಗಲೂ ಆ ಸಿಡಿಲೆರಗಿದ ಮನೆಯವರು ಅವರ ಕಣ್ಣುಗಳನ್ನು ದಾನ ಮಾಡಿದರು. ಹಿರಿಯರು ಆಡಿಹೋದ ಒಂದು ಮಾತು ಆ ಗಳಿಗೆಯಲ್ಲಿ ಮನೆಯವರಿಗೆ ದಾರಿಯಾಗುತ್ತದೆ. ದೇಹ ಊನವಾದರೆ ಪುನರುತ್ಥಾನಕ್ಕೆ ಅಡ್ಡಿಯೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಮಣ್ಣಾದವರನ್ನು ಎಬ್ಬಿಸಬಲ್ಲ ದೇವರಿಗೆ ಒಂದು ಮೂತ್ರಪಿಂಡದ ಕೊರತೆ ದೊಡ್ಡದಲ್ಲ.

ಆ ಮಗಳಿಗೆ ನಾನು ಹೇಳಿದ್ದು ಇಷ್ಟೇ: "ಅಲ್ಲಿನ ಸರ್ಕಾರ ಊಹಿಸುವ ಮುನ್ನ ನೀನೇ ನಿರ್ಧರಿಸಿ ದಾಖಲಿಸು. ಅದನ್ನು ಅಮ್ಮನಿಗೂ ಹೇಳು." ತಾಯಿಗೆ ಹೇಳಿದ್ದು ಇನ್ನೊಂದು ಮಾತು: "ಮರಣದ ಗಳಿಗೆಗಾಗಿ ದಿನಾಲೂ ಜಪಸರದಲ್ಲಿ ಮಾತೆ ಮರಿಯಮ್ಮನವರನ್ನು ಬೇಡುವ ನಮಗೆ ಆ ಮಾತು ಅಪಶಕುನ ಹೇಗಾದೀತು, ಅಮ್ಮಾ?" ಅವರು ಉತ್ತರಿಸಲಿಲ್ಲ. ಆ ಮೌನವನ್ನು ನಾನು ಸಮ್ಮತಿಯೆಂದು ಎಣಿಸಲಿಲ್ಲ.

ಮೃತರನ್ನು ಸ್ಮರಿಸುವ ನವೆಂಬರ್ ತಿಂಗಳಲ್ಲಿ ನಾವೆಲ್ಲರೂ ಸಮಾಧಿಗಳ ಬಳಿ ಮೇಣದ ಬತ್ತಿ ಹಚ್ಚುತ್ತೇವೆ. ಮನೆಗೆ ಮರಳಿ ಊಟಕ್ಕೆ ಕುಳಿತಾಗ ಗಂಡ ಹೆಂಡತಿಗೆ, ಮಕ್ಕಳು ಹೆತ್ತವರಿಗೆ ತಮ್ಮ ಮನಸ್ಸನ್ನು ತಿಳಿಸಲಿ. ಹೌದೆನ್ನುವವರು ನಮ್ಮ ರಾಜ್ಯದ 'ಜೀವಸಾರ್ಥಕತೆ' ಸಂಸ್ಥೆಯಲ್ಲಿ ಹೆಸರು ಬರೆಸಲಿ. ಒಲ್ಲೆನೆನ್ನುವವರನ್ನು ಯಾರೂ ಹೀಯಾಳಿಸದಿರಲಿ. ಮಾತು ಯಾವುದೇ ಆಗಲಿ, ಅದು ನಮ್ಮದೇ ಆಗಿರಲಿ.