ಹುಳ ಹಿಡಿಯುವವರಿಗೆ ಸೇನೆಯಲ್ಲೇನು ಕೆಲಸ?

ಕಳೆದ ವಾರ ಅಮೆರಿಕದಿಂದ ನನ್ನ ತಂಗಿಯ ಮಗಳು ದೂರವಾಣಿ ಮಾಡಿದ್ದಳು. ಅಲ್ಲಿಯೇ ಹುಟ್ಟಿ ಬೆಳೆದ ಅವಳ ಮಗಳು ಕೀಟಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸುವ ಹಂತದಲ್ಲಿದ್ದಾಳೆ; ಈಗ ಆ ದೇಶದ ಭೂಸೇನೆಗೆ ಸೇರುವೆನೆಂದು ಹಟ ಹಿಡಿದಿದ್ದಾಳಂತೆ. "ಮಾವ, ಹುಳ ಹಿಡಿಯುವುದನ್ನು ಹೇಗೋ ಸಹಿಸಿಕೊಂಡೆವು. ಈಗ ಮಿಲಿಟರಿ ಅಂತಾಳೆ. ನಿಮ್ಮ ಮಾತಾದರೆ ಕೇಳುತ್ತಾಳೆ, ಸ್ವಲ್ಪ ಬುದ್ಧಿ ಹೇಳಿ" ಎಂದಳು. ಎರಡು ದಿನ ಕಾಲಾವಕಾಶ ಕೇಳಿ, ಆ ವಿಷಯವನ್ನು ಓದಿ ನೋಡಿದೆ. ಓದಿದ ಮೇಲೆ ಬುದ್ಧಿ ಹೇಳುವ ಮನಸ್ಸು ಉಳಿಯಲಿಲ್ಲ.

ಸೈನಿಕನನ್ನು ಕೊಲ್ಲುವುದು ಗುಂಡು ಮಾತ್ರವೇ ಎಂದು ನಾವು ಭಾವಿಸುತ್ತೇವೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದ ಸೇನಾನಿಯಾಗಿದ್ದ ಜನರಲ್ ಸ್ಲಿಮ್ ಬೇರೆಯೇ ಲೆಕ್ಕವನ್ನು ಕೊಟ್ಟಿದ್ದಾರೆ. 1943ರಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ ಒಬ್ಬ ಯೋಧನಿಗೆ 120 ಮಂದಿಯಂತೆ ಮಲೇರಿಯಾ ಮೊದಲಾದ ಉಷ್ಣವಲಯದ ರೋಗಗಳಿಂದ ಮಲಗಿದ್ದರು. ಸೊಳ್ಳೆಯೇ ಮಲೇರಿಯಾದ ವಾಹಕವೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ ರೊನಾಲ್ಡ್ ರಾಸ್ ಕೂಡ ಸೇನಾ ವೈದ್ಯಾಧಿಕಾರಿಯೇ. ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಅವರು 1883ರಲ್ಲಿ ಗಮನಿಸಿದ್ದು ನಮ್ಮ ಬೆಂಗಳೂರಿನಲ್ಲಿ!

ಅಮೆರಿಕದ ಭೂಸೇನೆ ಮತ್ತು ನೌಕಾಸೇನೆಗಳಲ್ಲಿ ಕೀಟಶಾಸ್ತ್ರಜ್ಞರು ವೈದ್ಯಕೀಯ ಸೇವಾ ದಳದ ಅಧಿಕಾರಿಗಳು. ವೈದ್ಯರ ಸಹಾಯಕರಲ್ಲ, ಸಮವಸ್ತ್ರವೂ ದರ್ಜೆಯೂ ಉಳ್ಳವರು. ಪಡೆ ಬೀಡುಬಿಟ್ಟಲ್ಲಿ ಸೊಳ್ಳೆ, ಉಣ್ಣೆ, ಮರಳುನೊಣಗಳನ್ನು ಹಿಡಿದು, ಜಾತಿ ಗುರುತಿಸಿ, ಅವುಗಳಲ್ಲಿ ರೋಗಾಣುವಿದೆಯೇ, ಯಾವ ಔಷಧಕ್ಕೆ ಅವು ಸಾಯುತ್ತವೆ ಎಂದು ಹೇಳುವುದು ಅವರ ಕೆಲಸ. 2003ರಲ್ಲಿ ಇರಾಕಿನ ತಲ್ಲಿಲ್ ವಾಯುನೆಲೆಯಲ್ಲಿ ಮರಳುನೊಣದ ಕಾಟವನ್ನೂ ಅದು ಹರಡುವ ಲೀಷ್ಮೇನಿಯಾಸಿಸ್ ರೋಗವನ್ನೂ ಎದುರಿಸಿದವರು ಇಂಥವರೇ. ಅವರಲ್ಲಿ ಕೆಲವರು ಮುಂದೆ ಸಂಶೋಧನೆಗೆ ತಿರುಗುತ್ತಾರೆ. ಬ್ಯಾಂಕಾಕ್‌ನಲ್ಲಿ ಅವರ ಸೇನೆಗೆ ಪ್ರಯೋಗಾಲಯವೇ ಇದೆ. ವಾಯುಸೇನೆಯದು ಇನ್ನೊಂದು ಬಗೆ. ಅದರ ಔಷಧ ಸಿಂಪಡಿಸುವ ವಿಮಾನಗಳು 2005ರ ಕತ್ರೀನಾ ಚಂಡಮಾರುತದ ನಂತರ ನೆರೆಪೀಡಿತ ಊರುಗಳ ಮೇಲೆ ಸೊಳ್ಳೆ ನಿವಾರಣೆಗೆ ಹಾರಿದವು. ಸೇನೆಗಾಗಿ ಕಲಿತ ವಿದ್ಯೆ ನಾಗರಿಕರಿಗೂ ಒದಗಿತು.

ನಮ್ಮ ದೇಶದಲ್ಲಿ ಇಂಥ ಆಸಕ್ತಿಯುಳ್ಳವರಿಗೆ ಸಿಗುವ ದಾರಿ ಹೆಚ್ಚಾಗಿ ಪ್ರಯೋಗಾಲಯದ್ದು. ಡಿ.ಆರ್.ಡಿ.ಒ.ಗೆ ಸೇರಿದ ಗ್ವಾಲಿಯರ್ ಮತ್ತು ತೇಜ್‌ಪುರದ ಪ್ರಯೋಗಾಲಯಗಳಲ್ಲಿ ರೋಗವಾಹಕ ಕೀಟಗಳ ಅಧ್ಯಯನ ನಡೆದಿದೆ. ಸೈನಿಕರು ಮೈಗೆ ಹಚ್ಚಿಕೊಳ್ಳುವ 'ಡೆಪಾ' ಎಂಬ ಸೊಳ್ಳೆ ನಿರೋಧಕ ಗ್ವಾಲಿಯರಿನ ಕೊಡುಗೆ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದಲ್ಲಿ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದ ಎಂ.ಎಸ್ಸಿ. ಇದೆ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಉಣ್ಣೆಗಳು ಹರಡುತ್ತವೆಂದು ತಿಳಿದ ನಾಡು ನಮ್ಮದು. ಕಾಡಿನಲ್ಲಿ, ಗಡಿಯಲ್ಲಿ ವರ್ಷಗಟ್ಟಲೆ ಕಾವಲಿರುವ ಸೇನೆಯಲ್ಲಿ ಕೀಟ ಬಲ್ಲವರಿಗೂ ಅಧಿಕಾರಿಯ ಸ್ಥಾನ ವಿಪುಲವಾಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ತಪ್ಪೊಪ್ಪಿಗೆಯೂ ಇದೆ. ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆಂಕಿಪೊಟ್ಟಣದಲ್ಲಿ ಜೀರುಂಡೆಗಳನ್ನು ತುಂಬಿಕೊಂಡು ಬರುತ್ತಿದ್ದ. ಪಾಠದ ನಡುವೆ ಒಂದು ಕಿರ್ರೆಂದಾಗ ನಾನು ಪೊಟ್ಟಣವನ್ನು ಕಿಟಕಿಯಿಂದಾಚೆ ಎಸೆದು, "ಇದರಿಂದ ಹೊಟ್ಟೆ ತುಂಬುತ್ತದೆಯೇನೋ?" ಎಂದು ಗದರಿದೆ. ತರಗತಿ ನಕ್ಕಿತು. ಅವನು ಮತ್ತೆ ಪೊಟ್ಟಣ ತರಲಿಲ್ಲ. ಆ ಪ್ರಶ್ನೆಗೆ ಉತ್ತರ ನನಗೇ ಗೊತ್ತಿರಲಿಲ್ಲವೆಂಬುದು ಈಗ ಅರಿವಾಗುತ್ತಿದೆ.

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟೇ: ಹುದ್ದೆಗಳು ಕಡಿಮೆ, ಕರೆದಲ್ಲಿಗೆ ಹೋಗಬೇಕು, ಅಪಾಯವೂ ಇದೆ. 1900ರಲ್ಲಿ ಕ್ಯೂಬಾದಲ್ಲಿ ಹಳದಿಜ್ವರದ ಸೊಳ್ಳೆಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಅಮೆರಿಕ ಸೇನೆಯ ವೈದ್ಯ ಜೆಸ್ಸಿ ಲಾಜಿಯರ್ ಅದೇ ಜ್ವರದಿಂದ ತೀರಿಕೊಂಡರು. ಇದನ್ನೆಲ್ಲ ತಿಳಿದೂ ಹೋಗುವೆಯಾದರೆ ನನ್ನ ಆಶೀರ್ವಾದವಿದೆ. ಅವಳ ತಾಯಿಗೆ ನನ್ನ ಮೇಲೆ ಇನ್ನೂ ಮುನಿಸು.

ಪೊಟ್ಟಣದ ಆ ಹುಡುಗ ಇದನ್ನು ಓದುತ್ತಿದ್ದರೆ, ಮನೆಗೊಮ್ಮೆ ಬಾರಪ್ಪ. ಕ್ಷಮೆ ಕೇಳುವುದಿದೆ.